ಸೀಲಿಯಾಕ್ ಇರುವ ಗರ್ಭಿಣಿಯ ಹೊಟ್ಟೆ: ತೊಂದರೆ ಬಸಿರಿನದೋ, ಗ್ಲುಟೆನ್‌ನದೋ?

ಬಸಿರಿನ ವಾಕರಿಕೆಗೆ ಎಲ್ಲರ ಬಾಯಲ್ಲೂ ಬರುವ ಮದ್ದು ಒಂದೇ: ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದೆರಡು ಒಣ ಬಿಸ್ಕತ್ತು ತಿನ್ನಿ. ಮಲಬದ್ಧತೆಯೇ? ಗೋಧಿ ತೌಡು ಬೆರೆಸಿಕೊಳ್ಳಿ. ಸುಸ್ತೇ? ಮಾಲ್ಟ್ ಹಾಕಿದ ಪುಡಿಯನ್ನು ಹಾಲಿಗೆ ಕಲಸಿ ಕುಡಿಯಿರಿ. ಸಾಮಾನ್ಯ ಗರ್ಭಿಣಿಗೆ ಈ ಮೂರರಿಂದಲೂ ಕೇಡೇನಿಲ್ಲ. ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಕರುಳನ್ನು ಕೆಡಿಸುವ ಕಾಯಿಲೆ, ಇರುವ ಗರ್ಭಿಣಿಗೆ ಮಾತ್ರ ಮೂರೂ ಹೊಟ್ಟೆಯನ್ನು ಇನ್ನಷ್ಟು ಕೆಡಿಸುವಂಥವು. ಬಿಸ್ಕತ್ತು, ತೌಡು ಗೋಧಿಯವು. ಮಾಲ್ಟ್ ಬಹುಪಾಲು ಬಾರ್ಲಿಯದು.

ತೊಡಕಿರುವುದು ಇಲ್ಲೇ. ಬಸಿರಿಗೆ ಹೇಳುವ ಸಲಹೆಗಳು ಸೀಲಿಯಾಕ್ ಅನ್ನು ಗಮನದಲ್ಲಿಟ್ಟುಕೊಂಡು ಹುಟ್ಟಿದವಲ್ಲ. ಅದರ ಮೇಲೆ, ಎರಡೂ ಸ್ಥಿತಿಗಳು ತರುವ ಹೊಟ್ಟೆಯ ತೊಂದರೆಗಳು ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಮದ್ದು ಹುಡುಕುವ ಮೊದಲು ತೊಂದರೆ ಎಲ್ಲಿಂದ ಬಂತು ಎಂದು ತಿಳಿಯಬೇಕಾಗುತ್ತದೆ.

## ಸೀಲಿಯಾಕ್ ಎಂದರೇನು

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್‌ಗಳ ಗುಂಪು ಇರುತ್ತದೆ. ಹಿಟ್ಟನ್ನು ನಾದಿದಾಗ ಅದು ಎಳೆದರೂ ಹರಿಯದಂತೆ ಬರುವುದು ಇದರಿಂದಲೇ. ಸೀಲಿಯಾಕ್ ಇರುವವರಲ್ಲಿ ಗ್ಲುಟೆನ್ ಸಣ್ಣ ಕರುಳನ್ನು ತಲುಪಿದಾಗ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ, ತನ್ನದೇ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಇದು ಅಲರ್ಜಿಯೂ ಅಲ್ಲ, ಕೇವಲ ಅಜೀರ್ಣವೂ ಅಲ್ಲ. ಆನುವಂಶಿಕ ಒಲವಿರುವವರಲ್ಲಿ ಯಾವ ವಯಸ್ಸಿನಲ್ಲಾದರೂ ಕಾಣಿಸಿಕೊಳ್ಳಬಹುದಾದ ಸ್ವಯಂನಿರೋಧಕ ಕಾಯಿಲೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದೆ, ಹಲವರಿಗೆ ಅದು ಗೊತ್ತೇ ಇರುವುದಿಲ್ಲ.

ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್‌ನಂತೆ. ಟವೆಲ್ಲಿನ ನೂಲಿನ ಕುಣಿಕೆಗಳು ನೀರು ಹೀರುವಂತೆ, ಕರುಳಿನ ವಿಲ್ಲಸ್ ಎಂಬ ಪುಟ್ಟ ಬೆರಳುಗಳು ಆಹಾರದ ಸಾರವನ್ನು ಹೀರುತ್ತವೆ. ಸೀಲಿಯಾಕ್‌ನಲ್ಲಿ ಈ ಕುಣಿಕೆಗಳು ಸವೆದು ಬಟ್ಟೆ ಬೋಳಾಗುತ್ತದೆ. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ. ಕಬ್ಬಿಣ, ಫೋಲೇಟ್, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಸವೆತವೂ ಅಲ್ಲೇ ಹೆಚ್ಚು. ಬಸಿರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವವೂ ಇವೇ ಮೂರು.

ಗೋಧಿಯೇ ಅಪರಾಧಿ ಎಂದು ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ. 1930ರ ದಶಕದಲ್ಲೇ ಅವರಿಗೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರೆಡ್ ಸಿಗದಂತಾದಾಗ ಚೇತರಿಸಿಕೊಂಡ ಮಕ್ಕಳು, ಬ್ರೆಡ್ ಮತ್ತೆ ಬಂದಾಗ ಮತ್ತೆ ಹದಗೆಟ್ಟರು. 1950ರಲ್ಲಿ ಅವರು ತಮ್ಮ ಪ್ರಬಂಧವನ್ನು ಮಂಡಿಸಿದರು. ಅಂದಿನಿಂದ ಇಂದಿನವರೆಗೂ ಚಿಕಿತ್ಸೆ ಬದಲಾಗಿಲ್ಲ: ಜೀವನಪೂರ್ತಿ ಗ್ಲುಟೆನ್ ಇಲ್ಲದ ಆಹಾರ.

ಈ ಪಥ್ಯವನ್ನು ಸರಿಯಾಗಿ ಪಾಲಿಸಿ ಕರುಳು ಮಾಗಿದ್ದರೆ ಬಸಿರು ಬಹುತೇಕ ಇತರರ ಬಸಿರಿನಂತೆಯೇ ಸಾಗುತ್ತದೆ. ಗರ್ಭಪಾತ, ಅವಧಿಗೆ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು ಮುಂತಾದ ಅಪಾಯಗಳು ಹೆಚ್ಚಾಗಿ ಕಂಡಿರುವುದು ಕಾಯಿಲೆ ಪತ್ತೆಯಾಗದೆ ಅಥವಾ ಪಥ್ಯವಿಲ್ಲದೆ ಉಳಿದವರಲ್ಲಿ.

## ಬಸಿರು ಹೊಟ್ಟೆಗೆ ಏನು ಮಾಡುತ್ತದೆ

ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶದ ಸ್ನಾಯುಗಳನ್ನು ಸಡಿಲವಾಗಿಡುತ್ತದೆ, ಅದು ಅದರ ಕೆಲಸ. ಆದರೆ ಜಠರ, ಕರುಳಿನ ಸ್ನಾಯುಗಳೂ ಅದೇ ಜಾತಿಯವಾದ್ದರಿಂದ ಅವೂ ಸಡಿಲಗೊಳ್ಳುತ್ತವೆ. ಅನ್ನನಾಳದ ತಳದಲ್ಲಿರುವ ಬಿಗಿ ಕಳಚಿ ಆಮ್ಲ ಮೇಲೆ ಚಿಮ್ಮಿದರೆ ಎದೆಯುರಿ. ಕರುಳಿನ ಚಲನೆ ನಿಧಾನವಾಗಿ ಮಲದ ನೀರು ಹೆಚ್ಚು ಹೀರಲ್ಪಟ್ಟರೆ ಮಲಬದ್ಧತೆ. ಗಾಳಿ ಮುಂದೆ ಸಾಗದಿದ್ದರೆ ಉಬ್ಬರ. ತಿಂಗಳು ತುಂಬುತ್ತಾ ಗರ್ಭಕೋಶವೂ ಕೆಳಗಿನಿಂದ ಒತ್ತುತ್ತದೆ.

ಇದರಲ್ಲಿ ಯಾವುದೂ ಗ್ಲುಟೆನ್‌ನಿಂದ ಆಗುವುದಲ್ಲ. ಪಥ್ಯವನ್ನು ಅಚ್ಚುಕಟ್ಟಾಗಿ ಪಾಲಿಸುವ ಹೆಣ್ಣುಮಗಳಿಗೂ ಇವೆಲ್ಲ ಬರುತ್ತವೆ. ಹೊಟ್ಟೆ ಉಬ್ಬಿದ ಕೂಡಲೇ "ಎಲ್ಲೋ ಗ್ಲುಟೆನ್ ಸೇರಿದೆ" ಎಂದು ಹೆದರಿ ಒಂದೊಂದೇ ಆಹಾರವನ್ನು ಬಿಡುತ್ತಾ ಹೋಗುವುದು ಈ ಕಾಯಿಲೆಯವರಲ್ಲಿ ಸಾಮಾನ್ಯ. ಬಸಿರಿನಲ್ಲಿ ಅದು ದುಬಾರಿಯಾಗುತ್ತದೆ, ಏಕೆಂದರೆ ತಟ್ಟೆಯಲ್ಲಿ ಮೊದಲೇ ಕಡಿಮೆಯಿದ್ದ ವೈವಿಧ್ಯ ಇನ್ನೂ ಕುಗ್ಗುತ್ತದೆ.

## ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ

ನಿಖರವಾಗಿ ಹೇಳುವ ಮನೆಪರೀಕ್ಷೆ ಯಾವುದೂ ಇಲ್ಲ. ಆದರೆ ಹೊತ್ತು ಮತ್ತು ಸಂದರ್ಭ ಸಾಕಷ್ಟು ಸುಳಿವು ಕೊಡುತ್ತವೆ.

ಬಸಿರಿನ ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತನೇ ವಾರದ ಆಸುಪಾಸಿನಲ್ಲಿ ಜೋರಾಗಿ, 16ರಿಂದ 20 ವಾರಗಳೊಳಗೆ ಬಹುತೇಕರಲ್ಲಿ ಇಳಿಯುತ್ತದೆ. ದಿನವೂ ಇರುತ್ತದೆ, ವಾಸನೆಗೆ ಹೆಚ್ಚುತ್ತದೆ, ಖಾಲಿ ಹೊಟ್ಟೆಯಲ್ಲಿ ಕಾಡುತ್ತದೆ. ಗ್ಲುಟೆನ್‌ನ ಹೊಡೆತ ಬೇರೆ ಥರ: ಇಷ್ಟು ದಿನ ಚೆನ್ನಾಗಿದ್ದವರಿಗೆ ಒಂದು ಊಟವಾದ ಕೆಲವೇ ಗಂಟೆಗಳಲ್ಲಿ ಇದ್ದಕ್ಕಿದ್ದಂತೆ ವಾಂತಿ, ಹೊಟ್ಟೆ ನುಲಿತ, ಭೇದಿ, ಮೈ ಮುರಿದುಹಾಕಿದಂಥ ದಣಿವು. ಆ ಊಟ ಹೊರಗಿನದೋ ಬೇರೆಯವರ ಮನೆಯದೋ ಆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಾಲ್ಕು ತಿಂಗಳು ಕಳೆದ ಮೇಲೆ ಹೊಸದಾಗಿ ಶುರುವಾದ ವಾಕರಿಕೆಯನ್ನು ಮಾತ್ರ ಬಸಿರಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರುವಂತಿಲ್ಲ, ವೈದ್ಯರಿಗೆ ಹೇಳಬೇಕು.

ಮಲಬದ್ಧತೆ, ಎದೆಯುರಿ ಹೆಚ್ಚಾಗಿ ಬಸಿರಿನ ಕಡೆಯವು. ವಾರಗಟ್ಟಲೆ ಬಿಡದ ಭೇದಿ, ಜಿಡ್ಡಾಗಿ ತೇಲುವ ದುರ್ವಾಸನೆಯ ಮಲ, ಏರಬೇಕಾದ ತೂಕ ಏರದಿರುವುದು, ಮಾತ್ರೆ ನುಂಗಿದರೂ ಮೇಲೇಳದ ಹಿಮೋಗ್ಲೋಬಿನ್, ಇವು ಸೀಲಿಯಾಕ್ ಕಡೆಯವು. ತಿಂದದ್ದು, ಹೊತ್ತು, ಆದದ್ದು ಎಂದು ಮೂರು ಕಾಲಂಗಳ ಒಂದು ಪುಟ್ಟ ಟಿಪ್ಪಣಿ ಇಟ್ಟುಕೊಂಡರೆ ವೈದ್ಯರ ಮುಂದೆ ಕುಳಿತಾಗ ನೆನಪಿಸಿಕೊಳ್ಳಲು ಪರದಾಡಬೇಕಿಲ್ಲ.

## ವಾಕರಿಕೆ, ವಾಂತಿ

ಒಣ ಬಿಸ್ಕತ್ತಿನ ಸಲಹೆಯ ಹಿಂದಿನ ತರ್ಕ ಸರಿಯಾದದ್ದೇ. ಖಾಲಿ ಹೊಟ್ಟೆ ವಾಕರಿಕೆಯನ್ನು ಹೆಚ್ಚಿಸುತ್ತದೆ, ಒಣಗಿದ ಪಿಷ್ಟದ ತಿಂಡಿ ಅದನ್ನು ತಣಿಸುತ್ತದೆ. ಪಿಷ್ಟ ಗೋಧಿಯದೇ ಆಗಬೇಕೆಂದೇನೂ ಇಲ್ಲ. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆಯಿಂದ ಮಾಡಿದ, ಗ್ಲುಟೆನ್‌ಮುಕ್ತ ಎಂದು ಬರೆದಿರುವ ಒಣ ತಿನಿಸು ಯಾವುದಾದರೂ ನಡೆಯುತ್ತದೆ. ರಾತ್ರಿಯೇ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಹಾಸಿಗೆಯ ಪಕ್ಕ ಇಟ್ಟುಕೊಂಡರೆ, ಬೆಳಗಿನ ಸಂಕಟದಲ್ಲಿ ಕೈಗೆ ಸಿಕ್ಕಿದ್ದನ್ನು ತಿನ್ನುವ ಪ್ರಮೇಯ ಬರುವುದಿಲ್ಲ. ಹೊಟ್ಟೆ ತೊಳಸುತ್ತಿರುವಾಗ ಲೇಬಲ್ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಉಳಿದದ್ದು ಎಲ್ಲರಿಗೂ ಹೇಳುವುದೇ: ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು, ಊಟದ ಜೊತೆಗಲ್ಲದೆ ನಡುನಡುವೆ ಗುಟುಕು ಗುಟುಕಾಗಿ ನೀರು ಕುಡಿಯುವುದು, ಕರಿದದ್ದರಿಂದ ದೂರವಿರುವುದು. ಶುಂಠಿ ಕೆಲವರಿಗೆ ಆರಾಮ ಕೊಡುತ್ತದೆ. ತಾಜಾ ಶುಂಠಿಯಲ್ಲಿ ಗ್ಲುಟೆನ್ ಇಲ್ಲ, ಆದರೆ ಶುಂಠಿ ಬಿಸ್ಕತ್ತು ಎಂದರೆ ಮತ್ತೆ ಗೋಧಿ. ಇಷ್ಟಕ್ಕೆ ತಗ್ಗದಿದ್ದರೆ ವೈದ್ಯರು ವಿಟಮಿನ್ ಬಿ6 ಅನ್ನು, ಒಮ್ಮೊಮ್ಮೆ ಅದರೊಂದಿಗೆ ಡಾಕ್ಸಿಲಮೀನ್ ಎಂಬ ಔಷಧವನ್ನು ಬರೆಯುತ್ತಾರೆ. ಬಸಿರಿನ ವಾಂತಿಗೆ ದಶಕಗಳಿಂದ ಬಳಕೆಯಲ್ಲಿರುವ ಜೋಡಿ ಇದು.

ದೇಹದ ತೂಕದ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ, ಅಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗೆ ಹೋದರೆ, ಅದು ತೀವ್ರ ವಾಂತಿಯ ಕಾಯಿಲೆಯಿರಬಹುದು. ಇಡೀ ದಿನ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೇ ಹೋಗಬೇಕು, ಡ್ರಿಪ್ ಬೇಕಾಗಬಹುದು.

## ಎದೆಯುರಿ

ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸುವುದು, ಮಂಚದ ತಲೆಯ ಭಾಗವನ್ನು ಎತ್ತರಿಸುವುದು, ಎಡಮಗ್ಗುಲಿಗೆ ಮಲಗುವುದು ಮೊದಲ ಹೆಜ್ಜೆ. ಆಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಆಂಟಾಸಿಡ್ ಅಥವಾ ಆಲ್ಜಿನೇಟ್ ದ್ರವ. ಅಡುಗೆ ಸೋಡಾ ಬೇಡ. ಅದರ ಸೋಡಿಯಂ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಇರುವ ಹೊಟ್ಟೆನೋವಿನ ಔಷಧವೂ ಬಸಿರಿನಲ್ಲಿ ಬೇಡ. ಆಮ್ಲವನ್ನೇ ಕಡಿಮೆ ಮಾಡುವ ಫ್ಯಾಮೊಟಿಡೀನ್, ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ಅಗತ್ಯವಿದ್ದರೆ ವೈದ್ಯರು ಕೊಡುತ್ತಾರೆ, ತಾವಾಗಿ ಶುರುಮಾಡುವುದಲ್ಲ.

ಸೀಲಿಯಾಕ್ ಇರುವವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಆಂಟಾಸಿಡ್ ಮತ್ತು ಕ್ಯಾಲ್ಸಿಯಂ ಎರಡೂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ. ಕಬ್ಬಿಣವೇ ಕೊರತೆಯಿರುವವರಲ್ಲಿ ಇದು ಸಣ್ಣ ವಿಷಯವಲ್ಲ. ಕಬ್ಬಿಣದ ಮಾತ್ರೆಗೂ ಆಂಟಾಸಿಡ್‌ಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಸೀಲಿಯಾಕ್ ಜೊತೆ ಥೈರಾಯ್ಡ್ ತೊಂದರೆಯೂ ಬರುವುದು ಅಪರೂಪವಲ್ಲ. ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಬಿಡಬೇಕು. ಎಲ್ಲ ಮಾತ್ರೆಗಳನ್ನೂ ಒಂದೇ ಲೋಟ ನೀರಿನಲ್ಲಿ ನುಂಗಿಬಿಟ್ಟರೆ ಅರ್ಧದಷ್ಟು ವ್ಯರ್ಥ.

## ಮಲಬದ್ಧತೆ

ಗ್ಲುಟೆನ್‌ಮುಕ್ತ ಎಂದು ಪೊಟ್ಟಣದಲ್ಲಿ ಬರುವ ಬ್ರೆಡ್ಡು, ಬಿಸ್ಕತ್ತುಗಳು ಹೆಚ್ಚಾಗಿ ನಯವಾದ ಪಿಷ್ಟದಿಂದ ಮಾಡಿದವು. ನಾರು ಕಡಿಮೆ, ಸಕ್ಕರೆ, ಕೊಬ್ಬು ಹೆಚ್ಚು. ಬಸಿರು, ಪಥ್ಯ, ಕಬ್ಬಿಣದ ಮಾತ್ರೆ ಮೂರೂ ಸೇರಿದರೆ ಕರುಳು ಹಠ ಹಿಡಿಯುವುದು ಸಹಜ.

ದಿನಕ್ಕೆ 25ರಿಂದ 30 ಗ್ರಾಂ ನಾರು ಗುರಿ. ಕಾಳುಬೇಳೆ, ತರಕಾರಿ, ಸಿಪ್ಪೆಸಹಿತ ತಿನ್ನುವ ಹಣ್ಣು, ಸಿರಿಧಾನ್ಯ, ತೌಡು ತೆಗೆಯದ ಅಕ್ಕಿ ಇದನ್ನು ಪೂರೈಸಬಲ್ಲವು. ಒಮ್ಮೆಲೇ ಹೆಚ್ಚಿಸಿದರೆ ಉಬ್ಬರ ಏರುತ್ತದೆ, ನಿಧಾನವಾಗಿ ಏರಿಸಬೇಕು, ಜೊತೆಗೆ ನೀರೂ ಏರಬೇಕು. ಗೋಧಿ ತೌಡಿಗೆ ಬದಲು ಇಸಬ್ಗೋಲ್ ಹೊಟ್ಟು ಬಳಸಬಹುದು, ಅದರಲ್ಲಿ ಸ್ವಭಾವತಃ ಗ್ಲುಟೆನ್ ಇಲ್ಲ. ಬೇರೆ ಧಾನ್ಯ ಬೆರೆಸಿದ ಮಿಶ್ರಣವಲ್ಲವೆಂದು ಮಾತ್ರ ನೋಡಿಕೊಳ್ಳಿ. ಅದೂ ಸಾಲದಿದ್ದರೆ ವೈದ್ಯರು ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಹೇಳುತ್ತಾರೆ. ಇವು ರಕ್ತಕ್ಕೆ ಸೇರುವುದು ಅತ್ಯಲ್ಪ.

ಹರಳೆಣ್ಣೆ ಬೇಡವೇ ಬೇಡ, ಅದು ಗರ್ಭಕೋಶವನ್ನೂ ಕೆಣಕಬಹುದು. ದ್ರವ ಪ್ಯಾರಫಿನ್ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳ ಹೀರಿಕೆಗೆ ಅಡ್ಡಿ. ಮೊದಲೇ ಹೀರಿಕೆ ಕಡಿಮೆಯಿರುವ ಕರುಳಿಗೆ ಅದು ಹೇಳಿಮಾಡಿಸಿದ್ದಲ್ಲ.

## ಭೇದಿ ಮತ್ತು ಉಬ್ಬರ

ಮೊದಲ ಕೆಲಸ ಓಆರ್‌ಎಸ್. ಸೀಲಿಯಾಕ್ ಇದೆ ಎಂಬ ಕಾರಣಕ್ಕೆ ಎಲ್ಲ ಭೇದಿಯನ್ನೂ ಗ್ಲುಟೆನ್ ತಲೆಗೆ ಕಟ್ಟುವಂತಿಲ್ಲ, ಕೆಟ್ಟ ಆಹಾರದ ಸೋಂಕು ಬಸಿರಿನಲ್ಲಿ ಹೆಚ್ಚು ಅಪಾಯಕಾರಿ. ಜ್ವರ, ಮಲದಲ್ಲಿ ರಕ್ತ, ಎರಡು ದಿನಕ್ಕೂ ನಿಲ್ಲದ ಭೇದಿ ಇದ್ದರೆ ತೋರಿಸಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಕೇಳದೆ ನುಂಗಬಾರದು.

ಇನ್ನೊಂದು ಕಾರಣ ಹಾಲು. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಹುಟ್ಟುವುದು ವಿಲ್ಲಸ್‌ಗಳ ತುದಿಯಲ್ಲಿ. ಅವು ಸವೆದಾಗ ಆ ಕಿಣ್ವವೂ ಇಲ್ಲವಾಗುತ್ತದೆ, ಹಾಲು ಕುಡಿದರೆ ಹೊಟ್ಟೆ ಗುಡುಗುಡು. ಕರುಳು ಮಾಗಿದಂತೆ ಇದು ಬಹಳ ಮಂದಿಗೆ ಸರಿಹೋಗುತ್ತದೆ. ಅಲ್ಲಿಯವರೆಗೆ ಮೊಸರು ಹೆಚ್ಚು ಜನಕ್ಕೆ ಒಗ್ಗುತ್ತದೆ. ಹಾಲನ್ನು ಪೂರ್ತಿ ಬಿಟ್ಟರೆ ದಿನಕ್ಕೆ ಬೇಕಾದ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಎಲ್ಲಿಂದ ಎಂದು ವೈದ್ಯರೊಡನೆ ಲೆಕ್ಕ ಹಾಕಬೇಕಾಗುತ್ತದೆ.

## ಗ್ಲುಟೆನ್ ಸೇರಿಕೊಳ್ಳುವ ಕಳ್ಳದಾರಿಗಳು

ಎಷ್ಟು ಗ್ಲುಟೆನ್ ಹೆಚ್ಚು? ಒಂದು ಹೋಳು ಗೋಧಿ ಬ್ರೆಡ್ಡಿನಲ್ಲಿ ಸುಮಾರು ಎರಡು ಗ್ರಾಂ, ಅಂದರೆ 2000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ಬರೀ 50 ಮಿಲಿಗ್ರಾಂ ಮೂರು ತಿಂಗಳು ಸೇರಿದರೂ ಕರುಳಿನಲ್ಲಿ ಹಾನಿ ಕಂಡಿದೆ. 10 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಬಹುತೇಕರಿಗೆ ಬಾಧಕವಲ್ಲ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಂತೆ ಗ್ಲುಟೆನ್‌ಮುಕ್ತ ಎಂದು ಬರೆಯಲು ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು.

ಅಂದಮೇಲೆ ಚೂರುಪಾರು ಕೂಡ ಲೆಕ್ಕಕ್ಕೆ ಬರುತ್ತದೆ. ಗೋಧಿ ಹಿಟ್ಟು ಜರಡಿ ಹಿಡಿದ ಜರಡಿಯಲ್ಲೇ ಅಕ್ಕಿ ಹಿಟ್ಟನ್ನು ಹಿಡಿದರೆ, ಅದೇ ಲಟ್ಟಣಿಗೆ, ಅದೇ ಟೋಸ್ಟರ್, ಅದೇ ಕರಿದ ಎಣ್ಣೆ ಬಳಸಿದರೆ ಪಥ್ಯ ಮುರಿದಂತೆಯೇ. ಗೋಧಿ ಬೀಸಿದ ಗಿರಣಿಯಲ್ಲಿ ಬೀಸಿದ ಬೇರೆ ಹಿಟ್ಟೂ ಅಷ್ಟೇ. ಕುದಿಸಿದರೆ, ಹುರಿದರೆ ಗ್ಲುಟೆನ್ ಸಾಯುವುದಿಲ್ಲ, ಅದು ಕ್ರಿಮಿಯಲ್ಲ. ಓಟ್ಸ್‌ನಲ್ಲಿ ಗೋಧಿಯ ಬೆರಕೆ ಸಾಮಾನ್ಯ. ಗ್ಲುಟೆನ್‌ಮುಕ್ತ ಎಂದು ದೃಢಪಡಿಸಿದ್ದಾದರೆ ಹೆಚ್ಚಿನವರಿಗೆ ನಡೆಯುತ್ತದೆ, ಕೆಲವರಿಗೆ ಅದೂ ಒಗ್ಗುವುದಿಲ್ಲ. ಬಸಿರಿನಲ್ಲಿ ಹೊಸದಾಗಿ ಪ್ರಯೋಗಿಸುವ ಪದಾರ್ಥ ಅದಲ್ಲ.

ಮಾತ್ರೆಗಳ ಬಗ್ಗೆಯೂ ಕೇಳಿ ತಿಳಿಯಬೇಕು. ಬಹುಪಾಲು ಮಾತ್ರೆಗಳಲ್ಲಿ ಮೆಕ್ಕೆಜೋಳ ಅಥವಾ ಆಲೂಗಡ್ಡೆಯ ಪಿಷ್ಟವಿರುತ್ತದೆ, ಗೋಧಿ ಪಿಷ್ಟ ವಿರಳ. ಹಾಗಿದ್ದೂ ಔಷಧ ಅಂಗಡಿಯವರನ್ನು ವಿಚಾರಿಸುವುದು ವಾಸಿ. ಹೆಚ್ಚು ಎಚ್ಚರ ಬೇಕಾದದ್ದು ಟಾನಿಕ್, ಪ್ರೋಟೀನ್ ಪುಡಿ, ಗಿಡಮೂಲಿಕೆ ಮಿಶ್ರಣಗಳಲ್ಲಿ. ವೈದ್ಯರು ಬರೆದ ಔಷಧವನ್ನು ಅನುಮಾನದ ಮೇಲೆ ತಾವಾಗಿ ನಿಲ್ಲಿಸುವುದು ಮಾತ್ರ ಗ್ಲುಟೆನ್‌ಗಿಂತ ದೊಡ್ಡ ಅಪಾಯ.

## ತಪ್ಪಿ ಹೊಟ್ಟೆಗೆ ಹೋದರೆ

ಅದನ್ನು ಹೊರಹಾಕುವ ಮದ್ದಿಲ್ಲ. ಗ್ಲುಟೆನ್ ಅರಗಿಸುತ್ತದೆಂದು ಮಾರುವ ಕಿಣ್ವದ ಮಾತ್ರೆಗಳು ಪಥ್ಯಕ್ಕೆ ಬದಲಿಯಲ್ಲ. ಇದ್ದಿಲ ಮಾತ್ರೆ ಗ್ಲುಟೆನ್ ಹೀರುವ ಭರವಸೆಯಿಲ್ಲ, ನೀವು ನುಂಗಿದ ಬೇರೆ ಔಷಧವನ್ನಂತೂ ಹೀರಬಲ್ಲದು. ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದೂ ಬೇಡ. ನೀರು, ಓಆರ್‌ಎಸ್, ಮೆತ್ತಗಿನ ಊಟ, ವಿಶ್ರಾಂತಿ. ಒಂದೆರಡು ದಿನದಿಂದ ಒಂದು ವಾರದೊಳಗೆ ಸಾಮಾನ್ಯವಾಗಿ ತಹಬಂದಿಗೆ ಬರುತ್ತದೆ.

ಹೀಗಾದಾಗ ತಾಯಂದಿರನ್ನು ಕಾಡುವುದು ಹೊಟ್ಟೆನೋವಿಗಿಂತ ಅಪರಾಧಿ ಭಾವ. ಮಗುವಿಗೆ ಸಂಬಂಧಿಸಿದ ಅಪಾಯಗಳು ಬಹುಕಾಲ ಹತೋಟಿಯಿಲ್ಲದ ಕಾಯಿಲೆಯೊಂದಿಗೆ ತಳಕು ಹಾಕಿಕೊಂಡವು. ಒಂದು ಸಲದ ಅಚಾತುರ್ಯವನ್ನು ಅದಕ್ಕೆ ಸರಿಗಟ್ಟಬೇಕಾಗಿಲ್ಲ.

## ರಕ್ತಪರೀಕ್ಷೆ, ಫೋಲಿಕ್ ಆಮ್ಲ, ಕಬ್ಬಿಣ

ಮಗುವಿನ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ, ಎಷ್ಟೋ ಜನರಿಗೆ ಬಸಿರು ಖಚಿತವಾಗುವಷ್ಟರಲ್ಲಿ. ಆದ್ದರಿಂದ ಆ ನಾಳ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಮ್ಲ (ಫೋಲೇಟ್‌ನ ಮಾತ್ರೆಯ ರೂಪ) ಬಸಿರಿಗೆ ಮುಂಚೆಯೇ ಶುರುವಾಗಬೇಕು. ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ. ಹೀರಿಕೆ ಕಡಿಮೆಯಿರುವವರಿಗೆ ವೈದ್ಯರು 5 ಮಿಲಿಗ್ರಾಂ ಬರೆಯುವುದುಂಟು. ಈ ನಿರ್ಧಾರ ಅವರದೇ ಆಗಿರಲಿ.

ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆಗಳ ಜೊತೆಗೆ, ಸೀಲಿಯಾಕ್‌ನಲ್ಲಿ ರಕ್ತದಲ್ಲಿ ಏರುವ ಟಿಟಿಜಿ ಪ್ರತಿಕಾಯದ ಮಟ್ಟವನ್ನೂ ನೋಡಿದರೆ ಪಥ್ಯ ಎಷ್ಟು ಬಿಗಿಯಾಗಿದೆ ಎಂದು ಅಂದಾಜಾಗುತ್ತದೆ. ಬಸಿರಿನಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ (ನಡುವಿನ ಮೂರು ತಿಂಗಳಲ್ಲಿ 10.5 ಗ್ರಾಂಗಿಂತ) ಕಡಿಮೆಯಾದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರಕ್ತಹೀನತೆ ಎನ್ನುತ್ತದೆ. ಮಾತ್ರೆಯಿಂದ ಏರದಿದ್ದರೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡುವ ದಾರಿಯಿದೆ, ಸಾಮಾನ್ಯವಾಗಿ ಬಸಿರಿನ ಮೊದಲ ಮೂರು ತಿಂಗಳು ಕಳೆದ ಮೇಲೆ. ಎರಡೆರಡು ಮಲ್ಟಿವಿಟಮಿನ್ ನುಂಗಿ ಕೊರತೆ ತುಂಬಿಸಿಕೊಳ್ಳುವ ಯೋಚನೆ ಬೇಡ, ವಿಟಮಿನ್ ಎ ಹೆಚ್ಚಾದರೆ ಭ್ರೂಣಕ್ಕೆ ಕೆಡುಕು.

## ಇನ್ನೂ ಪತ್ತೆಯಾಗದವರು

ಬಸಿರಿನಲ್ಲೇ ಮೊದಲ ಬಾರಿಗೆ ಅನುಮಾನ ಬಂದರೆ ಗೋಧಿ ಬಿಟ್ಟು ನೋಡುವ ಆತುರ ಬೇಡ. ರಕ್ತಪರೀಕ್ಷೆ ಗ್ಲುಟೆನ್ ತಿನ್ನುತ್ತಿರುವಾಗಲೇ ಆಗಬೇಕು, ಬಿಟ್ಟ ಮೇಲೆ ಮಾಡಿದರೆ ಫಲಿತಾಂಶ ಸುಳ್ಳು ಸಮಾಧಾನ ಕೊಡಬಹುದು. ಟಿಟಿಜಿ ಪರೀಕ್ಷೆ ಒಂದು ಸಿರಿಂಜು ರಕ್ತದ ಕೆಲಸ, ಬಸಿರಿಗೆ ತೊಂದರೆಯಿಲ್ಲ. ಆಮೇಲೆ ಎಂಡೋಸ್ಕೋಪಿ (ಬಾಯಿಯ ಮೂಲಕ ನಳಿಕೆ ಇಳಿಸಿ ಕರುಳನ್ನು ನೋಡುವ ಪರೀಕ್ಷೆ) ಈಗಲೋ ಹೆರಿಗೆಯ ನಂತರವೋ, ಪಥ್ಯ ಯಾವಾಗಿನಿಂದ ಎಂಬುದನ್ನು ಹೊಟ್ಟೆಯ ತಜ್ಞರು ಮತ್ತು ಪ್ರಸೂತಿ ತಜ್ಞರು ಕೂಡಿ ತೀರ್ಮಾನಿಸುತ್ತಾರೆ. ಈಗಾಗಲೇ ಗ್ಲುಟೆನ್ ಬಿಟ್ಟು ಆರಾಮವಾಗಿರುವವರು ಪರೀಕ್ಷೆಗೋಸ್ಕರ ಬಸಿರಿನಲ್ಲಿ ಮತ್ತೆ ತಿನ್ನುವುದು ಸೂಕ್ತವಲ್ಲ.

## ಕಾಯಬಾರದ ಲಕ್ಷಣಗಳು

20 ವಾರದ ನಂತರ ಬಲಪಕ್ಕೆಯ ಕೆಳಗೆ ಅಥವಾ ಎದೆಗುಳಿಯಲ್ಲಿ ಜೋರು ನೋವು, ಜೊತೆಗೆ ತಲೆನೋವು, ಕಣ್ಣು ಮಂಜು, ಮುಖ ಊತ ಕಂಡರೆ ಅದು ಆಮ್ಲದ ಉರಿಯಲ್ಲದೆ ರಕ್ತದೊತ್ತಡದ ಗಂಭೀರ ತೊಡಕಾದ ಪ್ರೀಎಕ್ಲಾಂಪ್ಸಿಯಾ ಇರಬಹುದು. ಆಂಟಾಸಿಡ್ ಕುಡಿದು ಬೆಳಗಾಗಲೆಂದು ಕಾಯುವ ನೋವಲ್ಲ ಇದು. ಗುಳ್ಳೆಯಿಲ್ಲದೆ ಅಂಗೈ, ಅಂಗಾಲು ವಿಪರೀತ ತುರಿಸಿದರೆ ಪಿತ್ತಜನಕಾಂಗದ ಪರೀಕ್ಷೆ ಬೇಕು. ಇದನ್ನು ಸೀಲಿಯಾಕ್‌ನ ಚರ್ಮರೋಗವೆಂದು ತಳ್ಳಿಹಾಕುವ ಸಾಧ್ಯತೆ ಇದೆ. ಒಂದೇ ಕಡೆ ಹೆಚ್ಚುತ್ತಾ ಹೋಗುವ ನೋವು, ರಕ್ತಸ್ರಾವ, ಕಪ್ಪು ಟಾರಿನಂಥ ಮಲ, ಮೂತ್ರ ಕಡಿಮೆಯಾಗಿ ಗಾಢವಾಗುವುದು, ಮಗುವಿನ ಚಲನೆ ಕುಗ್ಗುವುದು, ಇವಕ್ಕೂ ತಡಮಾಡುವಂತಿಲ್ಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅಂಟಂಟಾಗಿ ಟಾರಿನಂತೆ ಇರುವುದಿಲ್ಲ.

## ಹೆರಿಗೆ ಮತ್ತು ಮಗು

ಹೆರಿಗೆಯ ಆಸ್ಪತ್ರೆಗೆ ಸೀಲಿಯಾಕ್ ಇರುವುದನ್ನು ಕೆಲವು ವಾರ ಮೊದಲೇ ತಿಳಿಸಿ, ಕಡತದ ಮೇಲೆ ಬರೆಸಿ, ಚೀಲದಲ್ಲಿ ನಿಮ್ಮದೇ ಒಣ ತಿನಿಸು ಇಟ್ಟುಕೊಳ್ಳಿ. ನಡುರಾತ್ರಿ ವಾರ್ಡಿನಲ್ಲಿ ಸಿಗುವುದು ಹೆಚ್ಚಾಗಿ ಬ್ರೆಡ್ಡೇ. ಹೆತ್ತವರಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಎದೆಹಾಲು ಕುಡಿಸಲು ಇದರಿಂದ ಅಡ್ಡಿಯಿಲ್ಲ. ಮಗುವಿಗೆ ಗ್ಲುಟೆನ್ ಕೊಡುವುದನ್ನು ತಡಮಾಡಿದರೆ ಕಾಯಿಲೆ ತಪ್ಪುತ್ತದೆಂಬ ನಂಬಿಕೆ ಅಧ್ಯಯನಗಳಲ್ಲಿ ನಿಂತಿಲ್ಲ. ನಾಲ್ಕರಿಂದ ಹನ್ನೆರಡು ತಿಂಗಳ ನಡುವೆ ಮೇಲಾಹಾರದ ಜೊತೆ ಸ್ವಲ್ಪ ಸ್ವಲ್ಪವಾಗಿ ಪರಿಚಯಿಸಬಹುದು. ಮುಂದೆ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ.